ಅಕ್ಕೋರೇ, ಮೊದಲು ಸಿಪ್ಪೆ ನೆನೆಹಾಕಿ

ಪತ್ರ: ನಾನು ಹೊನ್ನಾವರ ಕಡೆಯ ಹೈಸ್ಕೂಲೊಂದರ ಶಿಕ್ಷಕಿ. ಈ ಸಲದ ಕ್ರೀಡಾಕೂಟಕ್ಕೆ ಬಾಟಲಿ ಜ್ಯೂಸ್ ಬೇಡ, ಮಜ್ಜಿಗೆಯೋ ಮುರುಗಲ (ಕೋಕಂ ಹಣ್ಣಿನ) ಪಾನಕವೋ ಕೊಡೋಣ ಎಂದೆ. "ಯಾರಿಗಾದರೂ ಹೊಟ್ಟೆ ಕೆಟ್ಟರೆ? ಬಾಟಲಿಗಾದರೆ ಸೀಲ್ ಇರ್ತದೆ" ಎಂದು ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ನಕ್ಕರು. ನಾನು ಹಟ ಬಿಡಬೇಕೇ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ಬಿಡಬೇಡಿ ಅಕ್ಕೋರೇ.

ಎಸ್‌ಡಿಎಂಸಿಯವರ ಹೆದರಿಕೆ ಸುಳ್ಳಲ್ಲ. ನಾಲ್ಕು ಮಕ್ಕಳಿಗೆ ವಾಂತಿಯಾದರೆ ಮರುದಿನ ಪೇಪರಿನಲ್ಲಿ ಬರುವುದು ಹೆಡ್‌ಮಾಸ್ತರರ ಹೆಸರು. ಒಪ್ಪಿದೆ. ಆದರೆ ನೀರು ಕುದಿಸಿ ಆರಿಸಿದರೆ ಆ ಹೆದರಿಕೆ ಅರ್ಧಕ್ಕರ್ಧ ಹೋಗುತ್ತದೆ. ಬಿಸಿಯೂಟದ ಅಡುಗೆಯವರು ದಿನಾ ಅಷ್ಟೂ ಮಕ್ಕಳಿಗೆ ಸಾರು ಮಾಡುತ್ತಾರೆ. 2013ರಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ಪುಡಿ ಕಲಸಿ ಹಾಲು ಕಾಯಿಸಿ ಕೊಡುತ್ತಿದ್ದಾರೆ. ಅದೇ ಕೈ ಮಜ್ಜಿಗೆ ಕಡೆದರೆ ಮಾತ್ರ ಅನುಮಾನವೇ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಎರಡು ವರ್ಷದ ಹಿಂದೆ ಕುಮಟಾ ಕಡೆಯ ಒಂದು ಶಾಲೆಯ ಕ್ರೀಡಾಕೂಟಕ್ಕೆ ಅತಿಥಿಯಾಗಿ ಹೋಗಿದ್ದೆ. ಓಡಿ ಬಂದ ಮಕ್ಕಳಿಗೆ ಕೇಸರಿ ಬಣ್ಣದ ಬಾಟಲಿ ಹಂಚುವ ಕೆಲಸ ನನಗೇ ಬಂತು. ಫೋಟೋಕ್ಕೆ ನಗುತ್ತಾ ಹಂಚಿದೆ. ಮಕ್ಕಳು ನಾಲಿಗೆ ಹೊರಗೆ ಹಾಕಿ ಯಾರದ್ದು ಜಾಸ್ತಿ ಕೇಸರಿ ಎಂದು ನೋಡಿಕೊಳ್ಳುತ್ತಿದ್ದರು. ಹತ್ತು ನಿಮಿಷ ಆಗಿರಲಿಲ್ಲ, ಒಬ್ಬಳು ಬಂದು "ಸರ್, ಕುಡಿಯೂಕೆ ನೀರು ಎಲ್ಲಿದೆ?" ಎಂದಳು. ವರಾಂಡದಲ್ಲಿ ಫಿಲ್ಟರ್ ಇತ್ತು. ಅದರ ಮೇಲೆ ದಾನಿಗಳ ಹೆಸರು ದೊಡ್ಡದಾಗಿತ್ತು. ನಲ್ಲಿ ತಿರುಗಿಸಿದರೆ ಗಾಳಿ ಬಂತು.

ಅಲ್ಲೇ ಇದ್ದ ಟೀಚರೊಬ್ಬರು ಮೆಲ್ಲಗೆ ಹೇಳಿದರು: ನೀರಿದ್ದರೂ ದೊಡ್ಡ ಹುಡುಗಿಯರು ಕುಡಿಯುವುದಿಲ್ಲ ಸರ್, ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲಿಕ್ಕೆಂದೇ 'ವಾಟರ್ ಬೆಲ್' ಶುರುವಾದಾಗ ನಮ್ಮಲ್ಲೂ ಅದರ ಮಾತು ಬಂದಿತ್ತು. ಗಂಟೆ ಹೊಡೆಯುವುದು ಸುಲಭ ಬಿಡಿ. ಚಿಲಕ ಯಾರು ಹಾಕಿಸುತ್ತಾರೆ?

ಮುಂದಿನ ಸಭೆಗೆ ಇಷ್ಟು ಬರೆದುಕೊಂಡು ಹೋಗಿ. ಸಾಧಾರಣ ಕೋಲಾದ 100 ಮಿಲಿಯಲ್ಲಿ ಹತ್ತು ಗ್ರಾಂ ಮೇಲೆ ಸಕ್ಕರೆ. 250 ಮಿಲಿ ಬಾಟಲಿ ಅಂದರೆ ಆರು ಚಮಚಕ್ಕೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದಿದೆ. ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿಂಡಿ-ಪಾನೀಯವನ್ನು ಶಾಲೆಯೊಳಗೆ ಮಾತ್ರ ಅಲ್ಲ, ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಸೀಲಿನ ಮಾತು ಆಡಿದವರು ಇದನ್ನೂ ಕೇಳಲಿ.

ಈಗ ನಿಮಗೂ ಒಂದು ಮಾತು. ನೀವು 'ಮುರುಗಲ ಪಾನಕ' ಎಂದಿರಿ. ಅಂಗಡಿಯ ಸಿರಪ್ ತಂದು ನೀರು ಬೆರೆಸುವ ಯೋಚನೆ ಇದ್ದರೆ ಬೇಡ. ಅದರಲ್ಲಿ ಹಣ್ಣಿಗಿಂತ ಸಕ್ಕರೆಯೇ ಮುಂದೆ. ಒಣಸಿಪ್ಪೆ ತನ್ನಿ. ಹಣ್ಣಾಗುವುದು ಏಪ್ರಿಲ್-ಮೇಯಲ್ಲಿ, ಆಗ ಶಾಲೆಗೆ ರಜೆ. ಆದರೆ ಸಿಪ್ಪೆ ವರ್ಷವಿಡೀ ಇರುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ. ಚೂರು ಉಪ್ಪು, ಹುರಿದ ಜೀರಿಗೆ ಪುಡಿ, ಹೆಸರಿಗೆ ಬೆಲ್ಲ. ಹುಳಿ ಪದಾರ್ಥ, ಅಲ್ಯೂಮಿನಿಯಂ ಕೊಳಗ ಬೇಡ, ಸ್ಟೀಲಿನದ್ದೇ ಇರಲಿ. ಬಣ್ಣವೋ, ಯಾವ ಬಾಟಲಿಗೂ ಬರುವುದಿಲ್ಲ. ನಾಲಿಗೆ ಪಂದ್ಯಕ್ಕೂ ಅಡ್ಡಿಯಿಲ್ಲ!

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮಹಾರಾಷ್ಟ್ರದ ಸಿಂಧುದುರ್ಗ-ರತ್ನಾಗಿರಿಯವರು ತಮ್ಮ ಕೋಕಂಗೆ ಜಿಐ ಮಾನ್ಯತೆ (ಇದು ಇಂಥ ಊರಿನದ್ದೇ ಎಂಬ ಸರ್ಕಾರಿ ಗುರುತು) ಮಾಡಿಸಿಕೊಂಡರು. ಅದೇ ಹಣ್ಣು ನಮ್ಮ ಬೆಟ್ಟದಲ್ಲಿ ಉದುರಿ, ಮೊದಲ ಮಳೆಗೆ ಕೊಳೆಯುತ್ತದೆ. ಅಂಕೋಲೆಯ ಕರಿ ಈಶಾಡ್ ಮಾವಿಗೆ 2023ರಲ್ಲಿ ಜಿಐ ಬಂತು, ಸಂತೋಷ. ಆದರೆ ಅದೇ ಅಂಕೋಲೆಯ ಮಕ್ಕಳ ಕೈಯಲ್ಲಿ ಮಾವಿನ ಚಿತ್ರದ ಪ್ಯಾಕೆಟ್! ಶಿರಸಿ ಕಡೆ ಹವ್ಯಕರ ಮನೆಗೆ ಹೋದರೆ "ಆಸ್ರಿಗೆ (ಬಾಯಾರಿಕೆಗೆ) ಎಂತ ಬೇಕು?" ಎಂದು ಕೇಳಿ, ಮೊದಲು ನೀರು-ಬೆಲ್ಲ ಇಡುತ್ತಿದ್ದರು. ಕಳೆದ ತಿಂಗಳು ಅಲ್ಲಿಯ ಒಂದು ಮದುವೆಗೆ ಹೋಗಿದ್ದೆ. ಬಾಗಿಲಲ್ಲೇ ಪ್ಲಾಸ್ಟಿಕ್ ಲೋಟದಲ್ಲಿ ಹಸಿರು ನೀರು ಕೊಟ್ಟರು. ಯಾವ ಹಣ್ಣಿನದ್ದು ಎಂದು ಕೇಳಿದೆ. ಕೊಟ್ಟ ಹುಡುಗನಿಗೂ ಗೊತ್ತಿರಲಿಲ್ಲ.

ಕ್ರೀಡಾಕೂಟದ ತಾರೀಕು ತಿಳಿಸಿ. ನಮ್ಮ ಕಚೇರಿಯಲ್ಲಿ ಎರಡು ಕೆ.ಜಿ. ಒಣಸಿಪ್ಪೆ ಇದೆ, ಹೋದ ಬೇಸಿಗೆಯದ್ದು. ಯಾರನ್ನಾದರೂ ಕಳಿಸಿ. ಬರುವಾಗ ಡಬ್ಬ ತರಲಿ, ನಮ್ಮ ಡಬ್ಬ ಕೊಟ್ಟರೆ ವಾಪಸ್ ಬರುವುದಿಲ್ಲ.