ಇಂಪ್ಲಿಮೆಂಟ್ ಆಗಿದ್ದರೂ ‘ಮೆಥಡ್ ಇಲ್ಲ’ ಅನ್ನುವ ಕಂಪೈಲರ್: ರಸ್ಟ್ ಟ್ರೇಟ್‌ಗಳ ಬಗ್ಗೆ ಐದು ಪ್ರಶ್ನೆ

ಪ್ರಶ್ನೆ: ನಾನು ಜಾವಾದಿಂದ ರಸ್ಟ್‌ಗೆ ಬಂದವನು. ಮೇನ್ ಫೈಲಿನಲ್ಲಿ ಒಂದು ಫೈಲ್ ತೆರೆದು, ‘ರೈಟ್_ಆಲ್’ ಕರೆದು ಡೇಟಾ ಬರೆಯುತ್ತಿದ್ದೆ. ಚೆನ್ನಾಗಿಯೇ ಓಡುತ್ತಿತ್ತು. ಅದೇ ಫಂಕ್ಷನ್ ಅನ್ನು ‘ಲಾಗ್’ ಎಂಬ ಮಾಡ್ಯೂಲಿಗೆ ಎತ್ತಿ ಹಾಕಿದ ಕೂಡಲೇ ಇ0599 ಎರರ್ ಬಂತು. ‘ಫೈಲ್’ ಟೈಪಿಗೆ ‘ರೈಟ್_ಆಲ್’ ಅನ್ನೋ ಮೆಥಡ್ಡೇ ಇಲ್ಲವಂತೆ! ಅದರ ಕೆಳಗೇ ‘ರೈಟ್ ಟ್ರೇಟ್ ಇಂಪ್ಲಿಮೆಂಟ್ ಆಗಿದೆ, ಆದರೆ ಸ್ಕೋಪಿನಲ್ಲಿ ಇಲ್ಲ, ಇಂಪೋರ್ಟ್ ಮಾಡಿ’ ಅನ್ನುವ ಸಲಹೆ ಬೇರೆ. ಇಷ್ಟೆಲ್ಲ ಗೊತ್ತಿದ್ದ ಮೇಲೆ ಕಂಪೈಲರ್ ತಾನೇ ಇಂಪೋರ್ಟ್ ಮಾಡಿಕೊಳ್ಳಬಾರದಾ?

ಉತ್ತರ: ರಿಪೇರಿ ಒಂದೇ ಸಾಲಿನದು. ‘ಲಾಗ್’ ಮಾಡ್ಯೂಲಿನ ಮೇಲ್ಗಡೆ ‘ಯೂಸ್ ಎಸ್‌ಟಿಡಿ::ಐಓ::ರೈಟ್;’ ಅಂತ ಬರೆಯಿರಿ, ಮುಗೀತು. ಆದರೆ ನಿಮ್ಮ ಕೊನೆಯ ಪ್ರಶ್ನೆ ನನಗೆ ಇಷ್ಟವಾಯಿತು. ಅದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಟ್ರೇಟ್ ಅಂದರೆ ಜಾವಾದ ಇಂಟರ್‌ಫೇಸಿನ ಥರ, ಒಂದು ಟೈಪಿಗೆ ಇರಬೇಕಾದ ಮೆಥಡ್‌ಗಳ ಪಟ್ಟಿ. ಇಲ್ಲಿ ಎರಡು ವಿಷಯ ಇವೆ. ‘ಫೈಲ್’ಗೆ ‘ರೈಟ್’ ಇಂಪ್ಲಿಮೆಂಟ್ ಆಗಿದೆಯಾ ಅನ್ನೋದು ಒಂದು. ಚುಕ್ಕಿ ಹಾಕಿ ‘ರೈಟ್_ಆಲ್’ ಅಂತ ಕರೆದಾಗ ಆ ಹೆಸರನ್ನು ಯಾವ ಯಾವ ಟ್ರೇಟ್‌ಗಳಲ್ಲಿ ಹುಡುಕಬೇಕು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಸ್ಕೋಪ್ ಅನ್ನೋದೇ ಇಲ್ಲ. ಟ್ರೇಟನ್ನು ಟೈಪಿಗೆ ಇಂಪ್ಲಿಮೆಂಟ್ ಮಾಡುವ ‘ಇಂಪ್ಲ್’ ಬ್ಲಾಕಿಗೆ ಹೆಸರಿಲ್ಲ, ಅದನ್ನು ಇಂಪೋರ್ಟ್ ಮಾಡುವ ದಾರಿಯೂ ಇಲ್ಲ. ನಿಮ್ಮ ಪ್ರೋಗ್ರಾಮಿಗೆ ಸೇರಿದ ಯಾವ ಕ್ರೇಟಿನಲ್ಲಿ (ರಸ್ಟ್‌ನಲ್ಲಿ ಒಂದು ಲೈಬ್ರರಿ ಅಥವಾ ಪ್ರೋಗ್ರಾಮಿನ ಘಟಕ) ಬರೆದಿದ್ದರೂ ಅದು ಎಲ್ಲ ಕಡೆ ಲಾಗೂ ಆಗುತ್ತದೆ. ಸ್ಕೋಪಿನ ಲೆಕ್ಕ ಬರುವುದು ಎರಡನೆಯದಕ್ಕೆ ಮಾತ್ರ.

ನೀವೇ ಗಮನಿಸಿ ನೋಡಿ. ಎರಡು ಸಂಖ್ಯೆ ಕೂಡಿಸುವಾಗ ‘ಆ್ಯಡ್’ ಟ್ರೇಟನ್ನು ಯಾರೂ ಇಂಪೋರ್ಟ್ ಮಾಡುವುದಿಲ್ಲ. ‘ಪ್ರಿಂಟ್‌ಎಲ್‌ಎನ್’ ಮ್ಯಾಕ್ರೊ ಬಳಸುವಾಗ ‘ಡಿಸ್‌ಪ್ಲೇ’ಯನ್ನೂ ಕರೆದು ತರುವುದಿಲ್ಲ. ಅಲ್ಲಿ ಯಾವ ಟ್ರೇಟ್ ಬೇಕು ಅನ್ನೋದು ಕಂಪೈಲರ್‌ಗೆ ಮೊದಲೇ ಖಚಿತ. ಹೆಸರು ಹಿಡಿದು ಹುಡುಕುವ ಕೆಲಸವೇ ಇಲ್ಲ. ಚುಕ್ಕಿಯ ನಂತರ ಬರೀ ಹೆಸರು ಸಿಕ್ಕಾಗ ಮಾತ್ರ ಹುಡುಕಾಟ ಶುರು.

ಈ ಹುಡುಕಾಟವನ್ನು ಕಂಪೈಲರ್‌ನ ಎರಡು ಭಾಗಗಳು ಹಂಚಿಕೊಂಡಿವೆ. ಮೊದಲು ಬರುವುದು ರಿಸಾಲ್ವರ್, ಅಂದರೆ ಯಾವ ಹೆಸರು ಯಾವುದನ್ನು ಸೂಚಿಸುತ್ತದೆ ಅಂತ ಪತ್ತೆ ಮಾಡುವ ಭಾಗ. ಇದು ಮೊದಲು ಮ್ಯಾಕ್ರೊಗಳನ್ನೂ ಇಂಪೋರ್ಟ್‌ಗಳನ್ನೂ ಒಟ್ಟಿಗೇ ಬಿಡಿಸುತ್ತದೆ. ಮ್ಯಾಕ್ರೊ ಬಿಡಿಸಿದರೆ ಒಳಗಿಂದ ಹೊಸ ‘ಯೂಸ್’ ಸಾಲು ಬರಬಹುದು. ಆ ಸಾಲು ಇನ್ನೊಂದು ಮ್ಯಾಕ್ರೊವನ್ನು ತಂದು ಕೊಡಬಹುದು. ಹಾಗಾಗಿ ಹೊಸದೇನೂ ಸಿಗದೆ ನಿಲ್ಲುವ ತನಕ ಸುತ್ತು ಹೊಡೆಯುತ್ತಲೇ ಇರುತ್ತದೆ. ಅದಾದ ಮೇಲೆ ಫಂಕ್ಷನ್‌ಗಳ ಒಳಗೆ ಇಳಿಯುತ್ತದೆ. ಆದರೆ ಈ ಹೊತ್ತಿಗೆ ಯಾವ ವೇರಿಯಬಲ್‌ನ ಟೈಪ್ ಏನು ಅಂತ ರಿಸಾಲ್ವರ್‌ಗೆ ಗೊತ್ತೇ ಇರುವುದಿಲ್ಲ. ‘ರೈಟ್_ಆಲ್’ ಕರೆ ಎದುರಾದಾಗ ಅದು ಮಾಡುವುದು ಇಷ್ಟೇ. ಆ ಜಾಗದಿಂದ ಹೊರಗೆ ಹೊರಗೆ ಹೋಗುತ್ತಾ, ಮೊದಲು ಬ್ಲಾಕು, ಆಮೇಲೆ ಮಾಡ್ಯೂಲು, ಕೊನೆಗೆ ಪ್ರಿಲ್ಯೂಡ್ (ಇಂಪೋರ್ಟ್ ಮಾಡದೆಯೇ ಎಲ್ಲ ಕಡೆ ಸಿಗುವ ಹೆಸರುಗಳ ಪಟ್ಟಿ), ಇವುಗಳಲ್ಲಿ ಕಾಣುವ ಟ್ರೇಟ್‌ಗಳ ಪೈಕಿ ‘ರೈಟ್_ಆಲ್’ ಹೆಸರು ಇರುವಂಥವನ್ನು ಒಂದು ಚೀಟಿಯಲ್ಲಿ ಬರೆದು ಆ ಕರೆಗೆ ಅಂಟಿಸಿಡುತ್ತದೆ.

ಎಷ್ಟೋ ಹೊತ್ತಿನ ಮೇಲೆ ಟೈಪ್ ಚೆಕರ್ ಬರುತ್ತದೆ. ಅದಕ್ಕೆ ಟೈಪ್ ಗೊತ್ತು. ಆದರೆ ಸ್ಕೋಪ್ ಸುತ್ತುವ ಉಸಾಬರಿಗೆ ಅದು ಹೋಗುವುದಿಲ್ಲ. ಟೈಪಿನ ಸ್ವಂತ ಮೆಥಡ್‌ಗಳಲ್ಲಿ ಹೆಸರು ಸಿಗದಿದ್ದರೆ ಚೀಟಿ ನೋಡುತ್ತದೆ. ನಿಮ್ಮ ‘ಲಾಗ್’ ಮಾಡ್ಯೂಲಿನಲ್ಲಿ ಚೀಟಿ ಖಾಲಿ ಇತ್ತು. ಮೇನ್ ಫೈಲಿನ ‘ಯೂಸ್’ ಸಾಲು ಅಲ್ಲಿಗೆ ಯಾಕೆ ತಲುಪಲಿಲ್ಲ ಅಂದರೆ, ಹೊರಗೆ ಹೋಗುವ ಆ ನಡಿಗೆ ಮಾಡ್ಯೂಲಿನ ಗಡಿಯಲ್ಲಿ ನಿಲ್ಲುತ್ತದೆ. ಮೇಲಿನ ಮಾಡ್ಯೂಲಿಗೆ ಹತ್ತುವುದಿಲ್ಲ, ಸೀದಾ ಪ್ರಿಲ್ಯೂಡ್‌ಗೆ ಹಾರುತ್ತದೆ. ಟೆಸ್ಟ್ ಮಾಡ್ಯೂಲ್‌ಗಳಲ್ಲಿ ಎಲ್ಲರೂ ‘ಯೂಸ್ ಸೂಪರ್::*’ ಅಂತ ಬರೆಯುತ್ತಾರಲ್ಲ, ಅದು ಮೇಲಿನ ಮಾಡ್ಯೂಲಿನ ಇಂಪೋರ್ಟ್‌ಗಳನ್ನೂ ಸೇರಿಸಿ ಎಳೆದು ತರುತ್ತದೆ. ಅದಕ್ಕೇ ಅಲ್ಲಿ ನಿಮಗೆ ಈ ಎರರ್ ಕಂಡಿರಲಿಕ್ಕಿಲ್ಲ.

ಸರಿ, ಹಾಗಾದರೆ ಸಲಹೆ ಎಲ್ಲಿಂದ ಬಂತು? ಸೋತ ಮೇಲೆ. ಮೆಥಡ್ ಸಿಗಲಿಲ್ಲ ಅಂತ ತೀರ್ಮಾನವಾದ ಬಳಿಕ, ಎರರ್ ಬರೆಯುವ ಸಲುವಾಗಿಯೇ ಕಂಪೈಲರ್ ತನಗೆ ಗೊತ್ತಿರುವ ಎಲ್ಲ ಕ್ರೇಟ್‌ಗಳ ಟ್ರೇಟ್‌ಗಳನ್ನೂ ಜಾಲಾಡುತ್ತದೆ. ಇದನ್ನೇ ಎರರ್ ಇಲ್ಲದೆ ಸುಮ್ನೆ ಮಾಡಿಕೊಂಡಿದ್ದರೆ ಏನಾಗುತ್ತಿತ್ತು? ನೀವು ಕೆಲಸಕ್ಕೆ ಬೇಕು ಅಂತ ಒಂದು ಹೊಸ ಲೈಬ್ರರಿ ಸೇರಿಸಿದಿರಿ ಅಂತಿಟ್ಟುಕೊಳ್ಳಿ. ಅದು ತರಿಸಿಕೊಂಡ ಇನ್ಯಾವುದೋ ಲೈಬ್ರರಿ ನೀವು ಬಳಸುವ ಟೈಪಿಗೇ ‘ರೈಟ್_ಆಲ್’ ಅನ್ನೋ ಮೆಥಡ್ ಇರುವ ಟ್ರೇಟ್ ಇಂಪ್ಲಿಮೆಂಟ್ ಮಾಡಿದೆ. ನೀವು ಮುಟ್ಟದ ಫೈಲಿನಲ್ಲಿ ಗೊಂದಲ ಶುರುವಾಯಿತು ಅಂತಲೇ ಲೆಕ್ಕ. ಇಂಪೋರ್ಟ್ ಕಡ್ಡಾಯ ಮಾಡಿದ್ದರಿಂದ ಒಂದು ಫೈಲಿನ ಅರ್ಥ ಬಹುಮಟ್ಟಿಗೆ ಆ ಫೈಲಿನಲ್ಲೇ ಇರುತ್ತದೆ. ಸಿ ಶಾರ್ಪ್‌ನ ಎಕ್ಸ್‌ಟೆನ್ಷನ್ ಮೆಥಡ್‌ಗೂ, ಕಾಟ್ಲಿನ್‌ನ ಎಕ್ಸ್‌ಟೆನ್ಷನ್ ಫಂಕ್ಷನ್‌ಗೂ ಹೀಗೇ ಇಂಪೋರ್ಟ್ ಬೇಕು. ಜಾವಾದಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಯಾಕೆಂದರೆ ಇಂಟರ್‌ಫೇಸಿನ ಮೆಥಡ್‌ಗಳು ಕ್ಲಾಸಿನದೇ ಆಗಿಬಿಡುತ್ತವೆ. ಹೊರಗಿನವರು ನಿಮ್ಮ ಕ್ಲಾಸಿಗೆ ಹೊಸ ಇಂಟರ್‌ಫೇಸ್ ತಂದು ಅಂಟಿಸಲು ಆಗುವುದಿಲ್ಲ.

ಈ ಗೊಂದಲ ಬರೀ ಊಹೆ ಅಲ್ಲ. ‘ಕ್ಲೋನ್’, ‘ಇಟರೇಟರ್’ ಥರದ ಟ್ರೇಟ್‌ಗಳು ಪ್ರಿಲ್ಯೂಡ್‌ನಲ್ಲಿ ಇರುವುದರಿಂದ ಇಂಪೋರ್ಟ್ ಬೇಡ. ‘ಟ್ರೈಇನ್‌ಟು’ವನ್ನೂ ಅಲ್ಲಿಗೆ ಸೇರಿಸಬೇಕು ಅಂದಾಗ, ಅದೇ ಹೆಸರಿನ ಮೆಥಡ್ ಇರುವ ಸ್ವಂತ ಟ್ರೇಟ್ ಬರೆದುಕೊಂಡವರ ಕೋಡ್ ಮುರಿಯುವ ಅಪಾಯ ಇತ್ತು. ಅದಕ್ಕೇ 2021ರ ಎಡಿಶನ್ (ಹಳೆಯ ಕೋಡ್ ಮುರಿಯದಂತೆ, ಬೇಕಾದವರು ಮಾತ್ರ ಆರಿಸಿಕೊಳ್ಳುವ ಭಾಷೆಯ ಆವೃತ್ತಿ) ಬರುವ ತನಕ ಕಾಯಬೇಕಾಯಿತು. ‘ಐಟರ್‌ಟೂಲ್ಸ್’ ಕ್ರೇಟ್ ಬಳಸುವವರಿಗೆ ‘ಇಂಟರ್‌ಸ್ಪರ್ಸ್’ ಮೆಥಡ್ ಕರೆದಾಗ ಬರುವ ಎಚ್ಚರಿಕೆಯೂ ಇದೇ ಜಾತಿಯದು. ಅದೇ ಹೆಸರಿನ ಮೆಥಡ್ ಒಂದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇನ್ನೂ ಅಸ್ಥಿರ ಸ್ಥಿತಿಯಲ್ಲಿ ಕೂತಿದೆ, ಮುಂದೆ ಡಿಕ್ಕಿ ಆಗಬಹುದು ಅಂತ ಕಂಪೈಲರ್ ಮುಂಚೆಯೇ ಹೇಳುತ್ತದೆ.

ಪ್ರಶ್ನೆ: ಒಂದೇ ಫೈಲಿನಲ್ಲಿ ಸ್ಟ್ರಿಂಗ್‌ಗೂ ಬರೆಯಬೇಕು, ಫೈಲ್‌ಗೂ ಬರೆಯಬೇಕು. ಎರಡಕ್ಕೂ ‘ರೈಟ್!’ ಮ್ಯಾಕ್ರೊ ಬಳಸುತ್ತೇನೆ. ‘ಎಫ್‌ಎಮ್‌ಟಿ::ರೈಟ್’ ಮತ್ತು ‘ಐಓ::ರೈಟ್’ ಎರಡನ್ನೂ ಇಂಪೋರ್ಟ್ ಮಾಡಿದರೆ ಹೆಸರು ಎರಡು ಸಲ ಬಂದಿದೆ ಅಂತ ಇ0252 ಎರರ್. ಒಂದನ್ನು ಬಿಟ್ಟರೆ ಇನ್ನೊಂದು ಕಡೆ ಮೆಥಡ್ ಇಲ್ಲ ಅನ್ನುತ್ತದೆ. ಮ್ಯಾಕ್ರೊಗೆ ತನ್ನ ಟ್ರೇಟ್ ತಾನೇ ಗೊತ್ತಿರಬೇಕಲ್ವಾ?

ಉತ್ತರ: ಗೊತ್ತಿರುವುದಿಲ್ಲ, ಅದೂ ಬೇಕೆಂದೇ. ‘ರೈಟ್!’ ಬಿಡಿಸಿದರೆ ಒಳಗೆ ಇರುವುದು ನೀವು ಕೊಟ್ಟ ವಸ್ತುವಿನ ಮೇಲೆ ‘ರೈಟ್_ಎಫ್‌ಎಮ್‌ಟಿ’ ಅನ್ನೋ ಒಂದು ಮೆಥಡ್ ಕರೆ, ಅಷ್ಟೇ. ಟ್ರೇಟಿನ ಹೆಸರು ಅಲ್ಲಿಲ್ಲ. ‘ಮ್ಯಾಕ್ರೊ_ರೂಲ್ಸ್’ನಿಂದ ಬರೆದ ಮ್ಯಾಕ್ರೊಗಳಲ್ಲಿ ಲೋಕಲ್ ವೇರಿಯಬಲ್‌ಗಳಿಗೆ ರಕ್ಷಣೆ ಉಂಟು, ಮೆಥಡ್ ಹೆಸರುಗಳಿಗೆ ಇಲ್ಲ. ಅವನ್ನು ನೀವು ಮ್ಯಾಕ್ರೊ ಕರೆದ ಜಾಗದ ಸ್ಕೋಪಿನಲ್ಲೇ ಹುಡುಕುತ್ತಾರೆ. ಹಾಗಿರುವುದರಿಂದಲೇ ಒಂದೇ ಮ್ಯಾಕ್ರೊ ಎರಡೂ ಕಡೆ ನಡೆಯುತ್ತದೆ.

ಇ0252 ಬರೀ ಹೆಸರಿನ ಜಗಳ. ಟ್ರೇಟ್‌ಗಳು ಸ್ಟ್ರಕ್ಟ್‌ಗಳ ಜೊತೆ ಟೈಪ್ ನೇಮ್‌ಸ್ಪೇಸಿನಲ್ಲಿ ಇರುತ್ತವೆ, ಒಂದು ಮಾಡ್ಯೂಲಿನಲ್ಲಿ ಎರಡು ‘ರೈಟ್’ ಕೂರುವಂತಿಲ್ಲ. ನಿಮಗೆ ಆ ಹೆಸರು ಬೇಕಾಗಿಯೇ ಇಲ್ಲ, ಮೆಥಡ್ ಮಾತ್ರ ಬೇಕು. ‘ಯೂಸ್ ಎಸ್‌ಟಿಡಿ::ಎಫ್‌ಎಮ್‌ಟಿ::ರೈಟ್ ಆ್ಯಸ್ _;’ ಅಂತ ಬರೆಯಿರಿ, ಇನ್ನೊಂದಕ್ಕೂ ಹಾಗೇ. 2019ರಲ್ಲಿ 1.33 ಆವೃತ್ತಿಯಿಂದ ಈ ಸೌಲಭ್ಯ ಇದೆ. ಟ್ರೇಟ್ ಸ್ಕೋಪಿಗೆ ಬರುತ್ತದೆ, ಹೆಸರು ಬರುವುದಿಲ್ಲ. ಈಗ ಚೀಟಿಯಲ್ಲಿ ಎರಡೂ ಟ್ರೇಟ್ ಇದ್ದರೂ ತೊಂದರೆ ಇಲ್ಲ. ಸ್ಟ್ರಿಂಗ್‌ಗೆ ಹೊಂದುವುದು ಒಂದೇ, ಫೈಲ್‌ಗೆ ಹೊಂದುವುದೂ ಒಂದೇ. ಟೈಪ್ ಚೆಕರ್ ಉಳಿದದ್ದನ್ನು ಬಿಟ್ಟುಬಿಡುತ್ತದೆ. ನಿಜವಾಗಿಯೂ ಎರಡೂ ಹೊಂದಿದರೆ ಆಗ ಬರುವುದು ಇ0034. ಅಲ್ಲಿ ಟ್ರೇಟಿನ ಹೆಸರು ಹಿಡಿದೇ ಮೆಥಡ್ ಕರೆಯಬೇಕು, ಬೇರೆ ದಾರಿ ಇಲ್ಲ.

ಪ್ರಶ್ನೆ: ‘ಆರ್‌ಸಿ’ (ಹಲವರು ಹಂಚಿಕೊಳ್ಳುವ ಪಾಯಿಂಟರ್) ಒಳಗೆ ‘ರೆಫ್‌ಸೆಲ್’ (ಒಳಗಿನ ಮೌಲ್ಯವನ್ನು ಓಡುವಾಗ ಪರೀಕ್ಷಿಸಿ ಎರವಲು ಕೊಡುವ ಡಬ್ಬಿ) ಇಟ್ಟುಕೊಂಡು ‘ಬಾರೋ’ ಕರೆಯುತ್ತಿದ್ದ ಕೋಡ್ ಇದ್ದಕ್ಕಿದ್ದಂತೆ ‘ಟೈಪ್ ಬರೆದು ತಿಳಿಸಿ’ ಅನ್ನೋಕೆ ಶುರು ಮಾಡಿದೆ. ಆ ಸಾಲನ್ನು ನಾನು ಮುಟ್ಟಿಲ್ಲ.

ಉತ್ತರ: ಫೈಲಿನ ಮೇಲ್ಗಡೆ ನೋಡಿ. ‘ಎಸ್‌ಟಿಡಿ::ಬಾರೋ::ಬಾರೋ’ ಅನ್ನೋ ಇಂಪೋರ್ಟ್ ಬಂದು ಕೂತಿರುತ್ತದೆ. ನೀವು ಏನೋ ಟೈಪ್ ಮಾಡುವಾಗ ಎಡಿಟರ್ ತಾನಾಗಿ ಸೇರಿಸಿರುವ ಸಾಧ್ಯತೆಯೇ ಜಾಸ್ತಿ. ಅದನ್ನು ಅಳಿಸಿ, ಸರಿಹೋಗುತ್ತದೆ.

ಒಂದು ಇಂಪೋರ್ಟ್ ಇಷ್ಟು ರಾದ್ಧಾಂತ ಮಾಡಿದ್ದು ಹೇಗೆ ಅನ್ನೋದನ್ನು ನಿಧಾನವಾಗಿ ನೋಡುವುದು ಒಳ್ಳೆಯದು, ಯಾಕೆಂದರೆ ಟೈಪ್ ಚೆಕರ್‌ನ ಹುಡುಕಾಟದ ಕ್ರಮ ಪೂರ್ತಿ ಇದರಲ್ಲೇ ಇದೆ. ಚುಕ್ಕಿಯ ಎಡಗಡೆಯ ಟೈಪನ್ನು ಅದು ಮೊದಲು ಇದ್ದ ಹಾಗೇ ನೋಡುತ್ತದೆ. ಆಗಲಿಲ್ಲ ಅಂದರೆ ಮುಂದೆ ‘&’ (ರೆಫರೆನ್ಸ್ ಗುರುತು) ಸೇರಿಸಿ ನೋಡುತ್ತದೆ. ಅದೂ ಆಗದಿದ್ದರೆ ‘&ಮ್ಯೂಟ್’ (ಬದಲಾಯಿಸಬಲ್ಲ ರೆಫರೆನ್ಸ್) ಸೇರಿಸಿ. ಮೂರೂ ಸೋತರೆ ಡಿರೆಫರೆನ್ಸ್ ಮಾಡಿ ಒಳಗಿನ ಟೈಪಿಗೆ ಇಳಿಯುತ್ತದೆ, ಅಲ್ಲೂ ಅದೇ ಕ್ರಮ. ಪ್ರತಿ ಹೆಜ್ಜೆಯಲ್ಲೂ ಟೈಪಿನ ಸ್ವಂತ ಮೆಥಡ್‌ಗೆ ಮೊದಲ ಮಣೆ, ಆಮೇಲೆ ಚೀಟಿಯಲ್ಲಿರುವ ಟ್ರೇಟ್‌ಗಳಿಗೆ.

ಆ ಇಂಪೋರ್ಟ್ ಇಲ್ಲದಾಗ ‘ಆರ್‌ಸಿ’ಯಲ್ಲಿ ‘ಬಾರೋ’ ಅನ್ನೋ ಸ್ವಂತ ಮೆಥಡ್ ಇಲ್ಲ, ಚೀಟಿಯೂ ಖಾಲಿ. ಹಾಗಾಗಿ ಒಳಗೆ ‘ರೆಫ್‌ಸೆಲ್’ಗೆ ಇಳಿಯುತ್ತದೆ, ಅಲ್ಲಿ ‘&’ ಸೇರಿಸಿದ ಹೆಜ್ಜೆಯಲ್ಲಿ ‘ರೆಫ್‌ಸೆಲ್’ನ ಸ್ವಂತ ‘ಬಾರೋ’ ಸಿಗುತ್ತದೆ. ಇಂಪೋರ್ಟ್ ಬಂದ ಮೇಲೆ ಕಥೆಯೇ ಬೇರೆ. ‘ಬಾರೋ’ ಟ್ರೇಟ್ ಎಲ್ಲ ಟೈಪ್‌ಗಳಿಗೂ ಸಾರಾಸಗಟಾಗಿ ಇಂಪ್ಲಿಮೆಂಟ್ ಆಗಿದೆ. ಹಾಗಾಗಿ ‘ಆರ್‌ಸಿ’ಯ ಮಟ್ಟದಲ್ಲೇ, ‘&’ ಸೇರಿಸಿದ ಹೆಜ್ಜೆಯಲ್ಲೇ ಹೊಂದಿಕೊಂಡುಬಿಡುತ್ತದೆ. ಒಳಗೆ ಇಳಿಯುವ ಪ್ರಮೇಯವೇ ಬರುವುದಿಲ್ಲ. ಸಾಲದ್ದಕ್ಕೆ ‘ಆರ್‌ಸಿ’ಗೆ ‘ಬಾರೋ’ ಎರಡು ಬಗೆಯಲ್ಲಿ ಉಂಟು. ಒಂದು ತನ್ನನ್ನೇ ಕೊಡುವಂಥದ್ದು, ಇನ್ನೊಂದು ಒಳಗಿರುವುದನ್ನು ಕೊಡುವಂಥದ್ದು. ಯಾವುದು ಅಂತ ತಿಳಿಯದೆ ಕಂಪೈಲರ್ ನಿಮ್ಮನ್ನೇ ಟೈಪ್ ಕೇಳುತ್ತದೆ.

ಆ ಟ್ರೇಟ್ ಫೈಲಿನಲ್ಲಿ ನಿಜವಾಗಿಯೂ ಬೇಕು ಅಂತಿದ್ದರೆ, ‘ಆರ್‌ಸಿ’ಯನ್ನು ಮುಂದೆ ನಕ್ಷತ್ರ ಹಾಕಿ ಕೈಯಾರೆ ಡಿರೆಫರೆನ್ಸ್ ಮಾಡಿ, ಬ್ರ್ಯಾಕೆಟ್ಟಿನಲ್ಲಿಟ್ಟು ‘ಬಾರೋ’ ಕರೆಯಿರಿ. ಆಗ ಹುಡುಕಾಟ ‘ರೆಫ್‌ಸೆಲ್’ನಿಂದಲೇ ಶುರುವಾಗುತ್ತದೆ, ಸ್ವಂತ ಮೆಥಡ್ ಗೆಲ್ಲುತ್ತದೆ. ಅಥವಾ ಟ್ರೇಟ್ ಬೇಕಾದ ಒಂದೇ ಫಂಕ್ಷನ್ನಿನ ಒಳಗೆ ‘ಯೂಸ್’ ಸಾಲು ಬರೆಯಿರಿ. ನನಗೆ ಎರಡನೆಯದೇ ಇಷ್ಟ. ಇಡೀ ಫೈಲಿಗೆ ಹರಡಿದ ಇಂಪೋರ್ಟ್ ಯಾರಿಗೆ ಬೇಕು ಅಂತ ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಅಂದಹಾಗೆ, ‘ಸ್ವಂತ ಮೆಥಡ್ ಯಾವಾಗಲೂ ಗೆಲ್ಲುತ್ತದೆ’ ಅಂತ ಬಾಯಿಪಾಠ ಮಾಡಿಕೊಂಡವರು ಬಹಳ. ಅದು ಒಂದೇ ಹೆಜ್ಜೆಯಲ್ಲಿ ಇಬ್ಬರೂ ಎದುರಾದಾಗ ಮಾತ್ರ ನಿಜ. ಸ್ವಂತ ಮೆಥಡ್ ‘&ಸೆಲ್ಫ್’ ತೆಗೆದುಕೊಳ್ಳುತ್ತಿದ್ದು, ಟ್ರೇಟಿನದು ‘ಸೆಲ್ಫ್’ ಅನ್ನೇ ತೆಗೆದುಕೊಂಡರೆ, ‘ಇದ್ದ ಹಾಗೇ’ ನೋಡುವ ಹೆಜ್ಜೆ ಮೊದಲು ಬರುವುದರಿಂದ ಟ್ರೇಟ್ ಗೆದ್ದುಬಿಡುತ್ತದೆ. ಎರರೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಪ್ರಶ್ನೆ: ಇನ್ನೊಬ್ಬರ ಕೋಡ್‌ನಲ್ಲಿ ‘ಟಿ’ ಅನ್ನೋ ಟೈಪಿಗೆ ‘ಎಸ್‌ಟಿಡಿ::ಐಓ::ರೈಟ್’ ಬೌಂಡ್ (ಟೈಪಿಗೆ ಈ ಟ್ರೇಟ್ ಇರಲೇಬೇಕು ಅನ್ನುವ ಷರತ್ತು) ಹಾಕಿದ ಜೆನೆರಿಕ್ ಫಂಕ್ಷನ್ ನೋಡಿದೆ. ‘ಯೂಸ್’ ಸಾಲೇ ಇಲ್ಲ, ಆದರೂ ‘ರೈಟ್_ಆಲ್’ ನಡೆಯುತ್ತಿದೆ!

ಉತ್ತರ: ನಡೆಯಲೇಬೇಕು. ‘ಟಿ’ ಬಗ್ಗೆ ಕಂಪೈಲರ್‌ಗೆ ಗೊತ್ತಿರುವುದೇ ಆ ಬೌಂಡ್. ಅದರ ಮೆಥಡ್‌ಗಳನ್ನು ‘ಟಿ’ಯ ಸ್ವಂತ ಮೆಥಡ್‌ಗಳ ಸಾಲಿಗೇ ಸೇರಿಸುತ್ತದೆ, ಚೀಟಿ ನೋಡುವುದೇ ಇಲ್ಲ. ‘ಡಿನ್ ರೈಟ್’ ಥರದ ಟ್ರೇಟ್ ಆಬ್ಜೆಕ್ಟ್‌ಗೂ ಹಾಗೇ.

ಪ್ರಶ್ನೆ: ‘ರ‍್ಯಾಂಡ್’ ಕ್ರೇಟಿನ ‘ಆರ್‌ಎನ್‌ಜಿ’ ಟ್ರೇಟ್ ಇಂಪೋರ್ಟ್ ಮಾಡಿದ್ದೇನೆ. ಆದರೂ ‘ಚಾಚಾ’ ಎಂಬ ರ‍್ಯಾಂಡಮ್ ಸಂಖ್ಯೆಗಳ ಜನರೇಟರ್ ಮೇಲೆ ಅದರ ಮೆಥಡ್ ಕರೆಯಲು ಆಗುತ್ತಿಲ್ಲ. ‘ರ‍್ಯಾಂಡ್’ 0.9, ‘ರ‍್ಯಾಂಡ್_ಚಾಚಾ’ 0.3.

ಉತ್ತರ: ನಿಮ್ಮ ಸ್ಕೋಪ್ ಸರಿಯಾಗಿದೆ, ಆವೃತ್ತಿ ತಪ್ಪು. ‘ರ‍್ಯಾಂಡ್_ಚಾಚಾ’ 0.3 ಇಂಪ್ಲಿಮೆಂಟ್ ಮಾಡಿರುವುದು ‘ರ‍್ಯಾಂಡ್_ಕೋರ್’ 0.6ರ ಟ್ರೇಟನ್ನು. ‘ರ‍್ಯಾಂಡ್’ 0.9 ಕೇಳುವುದು ‘ರ‍್ಯಾಂಡ್_ಕೋರ್’ 0.9ರದನ್ನು. ಹೆಸರು ಒಂದೇ ಇದ್ದರೂ ಕಂಪೈಲರ್ ಪಾಲಿಗೆ ಇವೆರಡು ಸಂಬಂಧವೇ ಇಲ್ಲದ ಬೇರೆ ಬೇರೆ ಟ್ರೇಟ್‌ಗಳು. ‘ಕಾರ್ಗೋ ಟ್ರೀ -ಡಿ’ ಓಡಿಸಿ, ಎರಡೆರಡು ಆವೃತ್ತಿ ಸೇರಿಕೊಂಡಿರುವ ಕ್ರೇಟ್‌ಗಳ ಪಟ್ಟಿ ಬರುತ್ತದೆ. ‘ರ‍್ಯಾಂಡ್_ಚಾಚಾ’ವನ್ನು 0.9ಕ್ಕೆ ಏರಿಸಿದರೆ ಸಾಕು, ‘ಯೂಸ್’ ಸಾಲನ್ನು ಹಾಗೇ ಬಿಡಿ.