ಬೆಳಿಗ್ಗೆ ಹಟ ಹಿಡಿಯುವ ಟ್ರ್ಯಾಕ್ಟರು, ಸುಮ್ಮನೆ ಬಿಚ್ಚಿಸಿಕೊಳ್ಳುವ ಪಂಪು

ಚಳಿ ಶುರುವಾದರೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಊರು ಬೇರೆ, ಗಾಡಿಯ ಬಣ್ಣ ಬೇರೆ, ಅಷ್ಟೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ, ಕತ್ತರಿಸಿ ಶೆಡ್ಡಿನ ಗೋಡೆಗೆ ಅಂಟಿಸಿಕೊಳ್ಳಿ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಸ್ಟಾಪ್ ಗುಂಡಿ ಒಳಗೆ ಹೋಗಿದೆಯೇ ಎಂಬುದನ್ನೆಲ್ಲ ನಾನು ಹೇಳುವುದಿಲ್ಲ.

ನಮ್ಮದು 1980ರ ದಶಕದ ಮ್ಯಾಸಿ 1035. ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಉರುಳಿಸಿದರೆ ಥಟ್ಟನೆ ಹಿಡಿಯುತ್ತದೆ. ಮಧ್ಯಾಹ್ನ ಏನೂ ತೊಂದರೆಯಿಲ್ಲ. ಡೀಸೆಲ್ ಪಂಪು, ನಾಜಲ್ ಮಾಡಿಸಿದ್ದಾಯಿತು, ಬ್ಯಾಟರಿಯೂ ಹೊಸದು. ಇನ್ನೇನು ಮಾಡಲಿ? (ಹಿರೇಕೆರೂರು)

ಮೊದಲು ಹೇಳಿ, ಪಂಪು ಬಿಚ್ಚಲು ಹೇಳಿದವರು ಯಾರು? ಅವರ ಬಳಿ ಇನ್ನು ಹೋಗಬೇಡಿ. ನಿಮ್ಮದರಲ್ಲಿ ರೋಟರಿ ಪಂಪು (ತಿರುಗುತ್ತಲೇ ಸಿಲಿಂಡರುಗಳಿಗೆ ಡೀಸೆಲ್ ಹಂಚುವ ಬಗೆ) ಇದ್ದರೆ ಅದು ಸವೆದಾಗ ಆಗುವುದು ಇದರ ತಿರುಗುಮುರುಗು. ಡೀಸೆಲ್ ಕಾದು ತೆಳ್ಳಗಾಗಿ ಸವೆದ ಸಂದಿಯಲ್ಲಿ ಸೋರುತ್ತದೆ, ಹೀಗಾಗಿ ಬೆಳಿಗ್ಗೆ ಹಿಡಿದ ಎಂಜಿನ್ ಮಧ್ಯಾಹ್ನ ನಿಲ್ಲಿಸಿದ ಮೇಲೆ ಹಿಡಿಯುವುದಿಲ್ಲ. ನಿಮ್ಮದು ಮಧ್ಯಾಹ್ನ ಸಲೀಸಾಗಿ ಹಿಡಿಯುತ್ತಿದೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಎಂಜಿನ್ ನಿಧಾನ ತಿರುಗಿದರೆ ಒತ್ತಿದ ಗಾಳಿ ರಿಂಗಿನ ಸಂದಿಯಲ್ಲಿ ಜಾರುತ್ತದೆ, ಇದ್ದ ಕಾವನ್ನು ತಣ್ಣಗಿನ ಸಿಲಿಂಡರ್ ಗೋಡೆ ಹೀರುತ್ತದೆ. ಇಳಿಜಾರಿನಲ್ಲಿ ಉರುಳಿಸಿದಾಗ ಸೆಲ್ಫ್ ಕೊಡಲಾಗದ ವೇಗವನ್ನು ಚಕ್ರ ಕೊಡುತ್ತದೆ. ಥಟ್ಟನೆ ಹಿಡಿಯುವುದು ಅದಕ್ಕೇ. ನಿಮ್ಮ ಗಾಡಿಗೆ ಬೇಕಿರುವುದು ವೇಗ.

ಬ್ಯಾಟರಿ ಹೊಸದಾದರೆ ಸಾಲದು. ಈ ಸೆಲ್ಫ್‌ಗಳು ತಣ್ಣಗಿನ ಎಂಜಿನ್ ತಿರುಗಿಸುವಾಗ ಕೆಲವು ನೂರು ಆಂಪಿಯರ್ ಎಳೆಯುತ್ತವೆ. 300 ಆಂಪಿಯರ್ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಓಮಿನ ನೂರನೇ ಒಂದು ಪಾಲು ಅಡ್ಡಿ ಇದ್ದರೂ 3 ವೋಲ್ಟ್ ಅಲ್ಲಿಯೇ ಕರಗಿತು. ಹನ್ನೆರಡರಲ್ಲಿ ಮೂರು! ಅಡ್ಡಿ ಇರುವ ಜಾಗ ಸಾಮಾನ್ಯವಾಗಿ ಅರ್ತ್ ಕೇಬಲ್. ಆಯುಧಪೂಜೆಗೆ ಗಾಡಿಗೆ ಪೇಂಟ್ ಹೊಡೆಸುತ್ತೀರಲ್ಲ, ಅರ್ತ್ ಬೋಲ್ಟು ಬಿಗಿಯುವ ಜಾಗಕ್ಕೂ ಹೊಡೆಸಿ, ಅದರ ಮೇಲೇ ಕೇಬಲ್ ಕೂರಿಸುತ್ತೀರಿ. ಒಬ್ಬರು ಹೀಗೆ ಮೂರು ಬ್ಯಾಟರಿ ಬದಲಿಸಿ ನನ್ನ ಬಳಿ ಬಂದಿದ್ದರು. ಉಪ್ಪುಕಾಗದದಲ್ಲಿ ಉಜ್ಜಿ ಕಳಿಸಿದೆ, ದುಡ್ಡು ತೆಗೆದುಕೊಳ್ಳಲು ನನಗೇ ನಾಚಿಕೆಯಾಯಿತು.

ಮೀಟರು ತನ್ನಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12.2 ಇದ್ದರೆ ಅದು ಅರ್ಧ ಖಾಲಿ, ಡೈನಮೋ ಕಡೆ ನೋಡಿ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ (ಕ್ಲಾಂಪಿಗಲ್ಲ, ಕಂಬಕ್ಕೆ), ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕ. ಪ್ಲಸ್ ಕಡೆಯೂ ಹಾಗೇ, ಕಂಬದಿಂದ ಸೆಲ್ಫಿನ ಬೋಲ್ಟಿಗೆ. ಎರಡೂ ಕಡೆ ಸರಿಯಿದ್ದು ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫಿನ ಬುಷ್ ಸವೆದು ಆರ್ಮೇಚರ್ ಉಜ್ಜುತ್ತಿದೆ.

ಇಷ್ಟಾದ ಮೇಲೂ ಹಟ ಮಾಡಿದರೆ ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಸುಡುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಹೋಗುತ್ತಲೇ ಇಲ್ಲ. ರಾತ್ರಿ ಎಲ್ಲಿಂದಲೋ ಏರ್ ಹೊಕ್ಕು ಡೀಸೆಲ್ ಟ್ಯಾಂಕಿಗೆ ವಾಪಸು ಇಳಿದಿದೆ. ಡೀಸೆಲ್ ಸೋಸುವ ಗಾಜಿನ ಬಟ್ಟಲಿನ ವಾಷರ್, ಪೈಪು ಕೂಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟು) ತಾಮ್ರದ ವಾಷರ್ ನೋಡಿ. ಹೊರಗೆ ಒಂದು ಹನಿ ಸೋರದಿದ್ದರೂ ಒಳಕ್ಕೆ ಗಾಳಿ ಎಳೆಯಬಹುದು. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಒಂದು ದಿನದ ಮಟ್ಟಿಗೆ ಪಾರದರ್ಶಕ ಪೈಪು ಹಾಕಿ, ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಒಳಹೋಗುವ ಗಾಳಿಯನ್ನು ಚೂರು ಡೀಸೆಲ್ ಉರಿಸಿ ಕಾಯಿಸುವ ಥರ್ಮೋಸ್ಟಾರ್ಟ್ ಇದೆಯೋ, ಯಾರಾದರೂ ಕಿತ್ತು ಬೋಲ್ಟು ಜಡಿದಿದ್ದಾರೋ? ಇದ್ದರೆ ಅದರ ಪುಟ್ಟ ಡಬ್ಬಿಯಲ್ಲಿ ಡೀಸೆಲ್ ಇರಬೇಕು, ಬೀಗದಕೈಯನ್ನು ಹೀಟ್ ಕಡೆ 15–20 ಸೆಕೆಂಡ್ ಹಿಡಿಯಬೇಕು. ಎರಡೆಣಿಸಿ ಬಿಡುವವರೇ ಜಾಸ್ತಿ. ರಿಂಗು, ಲೈನರ್ ಮಾತು ಇದೆಲ್ಲ ಮುಗಿದ ಮೇಲೆ.

ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಬೇಗ ಹಿಡಿಯುತ್ತದಂತೆ, ನಿಜವೇ? (ಶಿಕಾರಿಪುರ)

ರೋಟರಿ ಪಂಪಿನೊಳಗೆ ಡೀಸೆಲ್ಲೇ ಆಯಿಲ್. ಸೀಮೆಎಣ್ಣೆ ಕುಡಿಸಿದರೆ ಪಂಪು ಬಿಚ್ಚುವವನಿಗೆ ನೀವೇ ಕೆಲಸ ಕೊಟ್ಟಂತೆ.

ಹಳೆ ಮಹೀಂದ್ರ ಬಿ-275. ನಾಲ್ಕು ಹೀಟರ್ ಪ್ಲಗ್ಗೂ ಒಟ್ಟಿಗೇ ಸುಟ್ಟು ಹೋಗಿವೆ. (ಅರಸೀಕೆರೆ)

ಸುಟ್ಟಿರುವುದು ಒಂದೇ ಇರಬೇಕು. ಆ ಹಳೆಯ ಗಾಡಿಗಳಲ್ಲಿ ಸಿಲಿಂಡರಿನ ಒಳಗನ್ನು ಕಾಯಿಸುವ ಈ ಪ್ಲಗ್ಗುಗಳ ಜೋಡಣೆ ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಇದ್ದಂತೆ. ಒಂದೊಂದಾಗಿ ಪರೀಕ್ಷಿಸಿ. ನಾಲ್ಕನ್ನೂ ಮಾರಲು ನೋಡುವ ಅಂಗಡಿಯಿಂದ ಎದ್ದು ಬನ್ನಿ.

ಈಥರ್ ಸ್ಪ್ರೇ ಹೊಡೆಯಬಹುದೇ? ಗಾಳಿ ಎಳೆಯುವ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯಬಹುದೇ? (ಮೂವರು ಕೇಳಿದ್ದಾರೆ)

ಬೇಡ. ಹೀಟರ್ ಕೆಂಪಗಿರುವಾಗ ಈಥರ್ ಹೊಕ್ಕರೆ ಅಲ್ಲೇ ಸಿಡಿಯುತ್ತದೆ, ರಿಂಗು ಮುರಿಯುತ್ತದೆ. ಪೆಟ್ರೋಲ್ ಬಟ್ಟೆಯ ವಿಷಯಕ್ಕೆ ಇನ್ನು ಪತ್ರ ಬರೆಯಬೇಡಿ.

ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಕೊಟ್ಟರೆ? (ಬ್ಯಾಡಗಿ)

ಸೆಲ್ಫ್ ಸುಡುತ್ತದೆ.

ಕೀ ಕೆಟ್ಟಿದೆ. ಸ್ಕ್ರೂಡ್ರೈವರ್‌ನಿಂದ ಸೆಲ್ಫ್ ಮುಟ್ಟಿಸಿ ಸ್ಟಾರ್ಟ್ ಮಾಡುತ್ತೇವೆ, ಬೇರೆ ಸುಲಭದ ದಾರಿ ಇದೆಯೇ? (ರಾಣೆಬೆನ್ನೂರು)

ಇದೆ, ಹೊಸ ಕೀ ಸ್ವಿಚ್. ನೀವು ನಿಂತು ಮುಟ್ಟಿಸುವುದು ದೊಡ್ಡ ಗಾಲಿಯ ಮುಂದೆ. ಗೇರಿನಲ್ಲಿ ಬಿಟ್ಟದ್ದು ಮರೆತಿದ್ದರೆ ಗಾಡಿ ಹಿಡಿದ ಕ್ಷಣವೇ ಮುಂದಕ್ಕೆ ಬರುತ್ತದೆ, ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ ಇದ್ದರೂ ನಿಮ್ಮ ಸ್ಕ್ರೂಡ್ರೈವರ್ ಅದನ್ನು ದಾಟಿಯಾಗಿರುತ್ತದೆ. ನನ್ನ ಶೆಡ್ಡಿನಲ್ಲಿ ಹೀಗೆ ಮುಟ್ಟಿಸಿದ ಹುಡುಗನನ್ನು ಅವತ್ತೇ ಮನೆಗೆ ಕಳಿಸಿದ್ದೇನೆ. ಸ್ವಿಚ್ ಹಾಕಿಸಿ ಆಮೇಲೆ ಬರೆಯಿರಿ.