ಓಲೆಗರಿಗಳ ರಕ್ಷಣೆಗೆ ಅನುದಾನ

ಪ್ರಶ್ನೆ: ನಮ್ಮ ಕಾಲೇಜು ಗ್ರಂಥಾಲಯದ ಓಲೆಗರಿಗಳ ಅಂಚು ಪುಡಿಯಾಗುತ್ತಿದೆ. ಅವುಗಳ ಡಿಜಿಟಲೀಕರಣಕ್ಕೆ ಅನುದಾನ ಎಲ್ಲಿ ದೊರೆಯುತ್ತದೆ?
— ಗ್ರಂಥಪಾಲಕಿ, ತುಮಕೂರು

ಉತ್ತರ: ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು ಮುಖ್ಯವಾಗಿ ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲುವುದರಿಂದ ನಿಮಗೆ ಅದು ಸರಿಯಾದ ಬಾಗಿಲಲ್ಲ. ಬ್ರಿಟಿಷ್ ಲೈಬ್ರರಿಯು 2004ರಲ್ಲಿ ಆರಂಭಿಸಿದ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ (ಅಳಿವಿನಂಚಿನ ದಾಖಲೆಗಳ ಡಿಜಿಟಲೀಕರಣಕ್ಕೆ ಅನುದಾನ ನೀಡುವ ಯೋಜನೆ) ನಿಮ್ಮಂಥ ಸಂಗ್ರಹಗಳಿಗಾಗಿಯೇ ಇದೆ. ಮೂಲ ಗರಿಗಳು ದೇಶದಲ್ಲೇ ಉಳಿಯಬೇಕು, ಡಿಜಿಟಲ್ ಪ್ರತಿಗಳು ಸಂಶೋಧಕರಿಗೆ ಮುಕ್ತವಾಗಿ ಸಿಗಬೇಕು ಎಂಬುದು ಅದರ ನಿಯಮ, ಮತ್ತು ಇದು ನ್ಯಾಯವಾದ ನಿಯಮವೆಂದೇ ನನ್ನ ಭಾವನೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅನುದಾನ ಬೇಕಿದ್ದರೆ ಕಾಲೇಜಿಗೆ ಯುಜಿಸಿ ಕಾಯ್ದೆಯ 12(ಬಿ) ಮಾನ್ಯತೆ, ಅಂದರೆ ಕೇಂದ್ರದ ಅನುದಾನ ಪಡೆಯುವ ಅರ್ಹತೆ, ಇರಬೇಕು.

ಅರ್ಜಿಯಲ್ಲಿ ‘ಹಳೆಯ ಕಟ್ಟುಗಳು’ ಎಂದಷ್ಟೇ ಬರೆಯದೆ, ಪ್ರತಿ ಕಟ್ಟಿನ ದಾರ ಬಿಚ್ಚಿ ಗರಿಗಳನ್ನು ಎಣಿಸಿ, ಉದ್ದಗಲ ಅಳೆದು, ಹುಳು ತಿಂದ ಭಾಗದ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆದು ಲಗತ್ತಿಸಿ. ಮಾಲೀಕತ್ವದ ಬಗ್ಗೆ ಆಡಳಿತ ಮಂಡಳಿಯ ಪತ್ರವನ್ನು ಈಗಲೇ ಪಡೆದುಕೊಳ್ಳಿ.